ರಿಟೈರ್ ಆದ ಓವರ್‌ಸಿಯರ್ ಕೈಗೆ ಸಿಕ್ಕ ನಕ್ಷೆ: ಓಪನ್‌ಸ್ಟ್ರೀಟ್‌ಮ್ಯಾಪ್ ಮತ್ತು ಅದರ ಎರಡು ಆ್ಯಪ್

ನಾನು ಗದಗ ಭಾಗದಲ್ಲಿ ಮೇಲ್ ಓವರ್‌ಸಿಯರ್ ಆಗಿದ್ದವನು. ರಿಟೈರ್ ಆಗಿ ನಾಲ್ಕು ವರ್ಷ ಆಯಿತು. ಓವರ್‌ಸಿಯರ್ ಅಂದರೆ ಹಳ್ಳಿ ಹಳ್ಳಿ ತಿರುಗಿ ಬ್ರಾಂಚ್ ಪೋಸ್ಟಾಫೀಸುಗಳ ರೊಕ್ಕ, ಸ್ಟ್ಯಾಂಪು ಎಣಿಸಿ ನೋಡುವವನು, ಪಾಸ್‌ಬುಕ್ ತಾಳೆ ಹಾಕುವವನು. ಮೊದಲು ಸೈಕಲ್ ಮೇಲೆ, ಆಮೇಲೆ ಗಾಡಿ ಮೇಲೆ. ಯಾವ ಊರಿನ ಪೋಸ್ಟು ಯಾವ ಓಣಿಯಲ್ಲಿದೆ ಅಂತ ನನಗೆ ಹೇಳಿಕೊಡಲು ನಕ್ಷೆ ಬೇಕಿರಲಿಲ್ಲ.

ಬೇಕಾಗಿದ್ದು ಬೇರೆಯವರಿಗೆ. ಹುಬ್ಬಳ್ಳಿಯಲ್ಲಿ ಓದುತ್ತಿರುವ ನನ್ನ ತಂಗಿ ಮಗನ ಗೆಳೆಯನೊಬ್ಬ ಮುಳಗುಂದ ಕಡೆಯ ಹಳ್ಳಿಗೆ ಅಜ್ಜಿಯ ಆರ್‌ಡಿ ರೊಕ್ಕ ಕಟ್ಟಲು ಹೋಗಿದ್ದ. ಅವನ ಫೋನಿನಲ್ಲಿದ್ದ ನಕ್ಷೆ ಅವನನ್ನು ಬಾಗಿಲು ಹಾಕಿದ ಹಿಟ್ಟಿನ ಗಿರಣಿ ಮುಂದೆ ನಿಲ್ಲಿಸಿತಂತೆ. ನಾನು ಕೇಳಿ ನಕ್ಕೆ. ಪೋಸ್ಟು ಅಲ್ಲಿದ್ದದ್ದು ನಿಜ, ಆದರೆ ಹಿಂದಿನ ಬಿಪಿಎಂ, ಅಂದರೆ ಬ್ರಾಂಚ್ ಪೋಸ್ಟ್‌ಮಾಸ್ಟರ್ ಕಾಲದಲ್ಲಿ. ಆಗ ತಂಗಿ ಮಗ ಹೇಳಿದ, “ಮಾಮಾ, ನಾವ ತಿದ್ದೋ ನಕ್ಷೆ ಒಂದೈತಿ. ನಿಮಗ ಎಲ್ಲಾ ಊರು ಗೊತ್ತದಾವು, ನೀವ ಹಾಕ್ರಿ.” ಅವತ್ತೇ ಫೋನಿಗೆ ಎರಡು ಆ್ಯಪ್ ಹಾಕಿಕೊಟ್ಟ. ಐದು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ.

ನಕ್ಷೆಯ ಹೆಸರು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು. ಖಾತೆ ತೆರೆದರೆ ಯಾರು ಬೇಕಾದರೂ ಹಾಕಬಹುದು, ತಿದ್ದಬಹುದು. ದುಡ್ಡಿಲ್ಲ, ಜಾಹೀರಾತಿಲ್ಲ. ಯಾರು ಯಾವಾಗ ಏನು ಬದಲಿಸಿದರು ಅನ್ನುವುದು ಅಲ್ಲೇ ದಾಖಲಾಗುತ್ತದೆ. ಹಳೇ ಲೆಡ್ಜರ್ ಮನುಷ್ಯನಾದ ನನಗೆ ಮೊದಲು ಹಿಡಿಸಿದ್ದು ಇದೇ. ಇಂಥ ಸ್ವಯಂಸೇವಕರು ಬೇರೆ ಬೇರೆ ದೇಶಗಳಲ್ಲೂ ಪೋಸ್ಟಾಫೀಸು, ಟಪಾಲು ಡಬ್ಬಿ ಹುಡುಕಿ ಹಾಕುತ್ತಾರೆ. ನಮ್ಮ ದೇಶದಲ್ಲಿರುವುದು 1.5 ಲಕ್ಷಕ್ಕೂ ಜಾಸ್ತಿ ಪೋಸ್ಟಾಫೀಸು. ಹೆಚ್ಚಿನವು ಹಳ್ಳಿಯಲ್ಲೇ ಇವೆ. ಅಷ್ಟನ್ನೂ ಬೆಂಗಳೂರಲ್ಲಿ ಕೂತು ಹಾಕಲು ಆಗುತ್ತಾ?

ಎರಡು ಆ್ಯಪ್‌ಗಳಲ್ಲಿ ಒಂದು ಸ್ಟ್ರೀಟ್‌ಕಂಪ್ಲೀಟ್, ಇನ್ನೊಂದು ಎವ್ರಿ ಡೋರ್. ಮೊದಲನೆಯದು ಪ್ರಶ್ನೆ ಕೇಳುತ್ತದೆ. ಈ ಆಫೀಸು ಎಷ್ಟು ಗಂಟೆಗೆ ತೆಗೆಯುತ್ತದೆ, ಈ ಡಬ್ಬಿಯ ಪತ್ರ ಯಾವಾಗ ತೆಗೆಯುತ್ತಾರೆ, ಇದು ಇನ್ನೂ ಇಲ್ಲೇ ಇದೆಯಾ ಅಂತ. ಎದುರಿಗೆ ನಿಂತು ನೋಡಿ ಉತ್ತರ ಒತ್ತುವುದು, ಅಷ್ಟೇ. ಹೊಸ ಜಾಗ ಸೇರಿಸಲು ನನಗೆ ಎವ್ರಿ ಡೋರ್ ಸಲೀಸು. ಅದು ಐಫೋನಿನಲ್ಲೂ ನಡೆಯುತ್ತದೆ, ಸ್ಟ್ರೀಟ್‌ಕಂಪ್ಲೀಟ್ ಆಂಡ್ರಾಯ್ಡ್‌ಗೆ ಮಾತ್ರ. ಮನೆಯಲ್ಲೇ ಆ ಭಾಗ ಇಳಿಸಿಕೊಂಡು ಹೋದರೆ ನೆಟ್‌ವರ್ಕ್ ಇಲ್ಲದ ಊರಲ್ಲೂ ಕೆಲಸ ಆಗುತ್ತದೆ. ಕಪ್ಪತಗುಡ್ಡದ ಬುಡದ ಹಳ್ಳಿಗಳಲ್ಲಿ ಇದರ ಬೆಲೆ ಗೊತ್ತಾಯಿತು.

ಪೇಟೆಯ ಆಫೀಸುಗಳಿಗೆ ತೊಂದರೆ ಏನಿಲ್ಲ. ಹೆಡ್ ಆಫೀಸು, ಸಬ್ ಆಫೀಸು ಅಂದರೆ ಒಂದು ಕಟ್ಟಡ, ಒಂದು ಬೋರ್ಡು. ಚುಕ್ಕೆ ಇಟ್ಟರೆ ಮುಗಿಯಿತು. ಬ್ರಾಂಚ್ ಆಫೀಸಿನ ಕಥೆ ಹಾಗಲ್ಲ. ಎಷ್ಟೋ ಊರಲ್ಲಿ ಬ್ರಾಂಚ್ ಪೋಸ್ಟಾಫೀಸು ಅಂದರೆ ಬಿಪಿಎಂ ಮನೆಯ ಪಡಸಾಲೆ. ಒಂದು ಟೇಬಲ್ಲು, ಕಬ್ಬಿಣದ ಪೆಟ್ಟಿಗೆ, ಗೋಡೆಗೆ ಕೆಂಪು ಡಬ್ಬಿ, ಪಕ್ಕದಲ್ಲಿ ಜೋಳದ ಚೀಲ. ದಿನಕ್ಕೆ ನಾಲ್ಕೈದು ತಾಸಿನ ಕೆಲಸ. ಬಿಪಿಎಂ ಬದಲಾದರೆ ಟೇಬಲ್ಲು, ಡಬ್ಬಿ, ಬೋರ್ಡು ಎಲ್ಲಾ ಎತ್ತಿಕೊಂಡು ಇನ್ನೊಂದು ಓಣಿಗೆ. ಪೋಸ್ಟಾಫೀಸಿನ ಹೆಸರು ಅದೇ, ಪಿನ್ ಅದೇ, ಮನೆ ಮಾತ್ರ ಬೇರೆ. ನನ್ನ ನೌಕರಿಯಲ್ಲಿ ಒಂದೇ ಊರಿನ ಪೋಸ್ಟು ಅಗಸಿ ಬಾಗಿಲಿಂದ ಹನುಮಪ್ಪನ ಗುಡಿ ಹತ್ತಿರ, ಅಲ್ಲಿಂದ ಪ್ಲಾಟಿಗೆ, ಹೀಗೆ ಮೂರು ಸಲ ಹೋದದ್ದು ನೋಡಿದ್ದೇನೆ.

ಹೀಗೆ ಒಂದು ಊರಲ್ಲಿ ಬೋರ್ಡು ನೋಡುತ್ತಾ ಫೋನ್ ಹಿಡಿದು ನಿಂತಿದ್ದೆ. ಒಳಗಿಂದ ಬಿಪಿಎಂ ಆಗಿರುವ ಹೆಣ್ಣುಮಗಳು ಗಾಬರಿಯಾಗಿ ಓಡಿ ಬಂದಳು. “ಏನ್ರೀ ಸಾಹೇಬ್ರ, ರಿಟೈರ್ ಆದಮ್ಯಾಲೂ ಚೆಕಿಂಗ್ ಬಂದೀರೇನು? ಕ್ಯಾಶ್ ಬರೋಬ್ಬರಿ ಐತ್ರಿ!” ಅಂದಳು. “ಇಲ್ಲವಾ, ನಿಮ್ಮ ಪೋಸ್ಟ್ ನಕ್ಷೆದಾಗ ಹಾಕಾಕ ಬಂದೇನಿ” ಅಂದರೆ ಅವಳಿಗೆ ನಂಬಿಕೆ ಬರಲಿಲ್ಲ. ಚಹಾ ಆಗುವವರೆಗೂ ವೋಚರ್ ಜೋಡಿಸುತ್ತಲೇ ಇದ್ದಳು. ಆಮೇಲೆ ಕೇಳಿದ್ದು, “ಇದಕ್ಕ ನಿಮಗ ಏನು ಕೊಡ್ತಾರ್ರೀ?” ಏನೂ ಇಲ್ಲ ಅಂದಾಗ ಅವಳ ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಅಂದಹಾಗೆ, ಅದು ಅವರ ಮನೆಯೂ ಹೌದು. ಅದಕ್ಕೇ ನಾನು ಕೇಳದೆ ಚುಕ್ಕೆ ಇಡುವುದಿಲ್ಲ. ಬಿಪಿಎಂ ಹೆಸರು, ಸ್ವಂತ ಮೊಬೈಲ್ ನಂಬರ್ ಹಾಕುವುದೇ ಇಲ್ಲ. ಬೋರ್ಡಿನಲ್ಲಿ ಬರೆದಷ್ಟು ಸಾಕು.

ಸ್ಟ್ರೀಟ್‌ಕಂಪ್ಲೀಟ್ ಕೇಳುವ ಒಂದು ಪ್ರಶ್ನೆ ನನಗೆ ಚುರುಕ್ ಅನಿಸಿತು. ಇಲ್ಲಿಗೆ ಗಾಲಿಕುರ್ಚಿ ಹೋಗುತ್ತಾ? ಅಷ್ಟು ವರ್ಷ ಕಟ್ಟೆಯ ಮೂರು ಮೆಟ್ಟಿಲು ಹತ್ತಿ ಒಳಗೆ ಹೋದವನು ನಾನು. ಪಿಂಚಣಿಗೆ ಬರುವ ಮುದುಕಿಯರು ಮೆಟ್ಟಿಲ ಮೇಲೇ ಕೂತು ಹೆಬ್ಬೆಟ್ಟು ಒತ್ತುವುದನ್ನು ದಿನಾ ನೋಡಿದವನು. ಒಂದು ಸಲವೂ ಈ ಪ್ರಶ್ನೆ ತಲೆಗೆ ಬಂದಿರಲಿಲ್ಲ. ಈಗ “ಇಲ್ಲ” ಅಂತ ಒತ್ತಿ ಒತ್ತಿ ಬೇಜಾರಾಗಿದೆ.

ತಪ್ಪು ನಾನೂ ಮಾಡಿದೆ. ಮೊದಲ ವಾರವೇ ಒಂದು ಸಬ್ ಆಫೀಸನ್ನು ಎರಡನೇ ಸಲ ಹಾಕಿಬಿಟ್ಟೆ. ಹಳೇ ಚುಕ್ಕೆ ಹಿಂದಿನ ರಸ್ತೆಯಲ್ಲಿತ್ತು, ನನ್ನ ಕಣ್ಣಿಗೆ ಬೀಳಲಿಲ್ಲ. ಎರಡು ದಿನದಲ್ಲಿ ಎಲ್ಲಿಯವರೋ ಏನೋ, ಒಬ್ಬರು ನನ್ನ ಬದಲಾವಣೆಯ ಕೆಳಗೆ ಮರ್ಯಾದೆಯಿಂದಲೇ ಬರೆದರು: ಇವೆರಡೂ ಒಂದೇ ಆಫೀಸು ಅಲ್ಲವೇ, ಯಾವುದು ಸರಿ ಅಂತ ನೀವೇ ಹೇಳಿ. ನಾನು ಹೇಳಿದೆ, ಅವರು ಹಳೆಯದನ್ನೇ ಸರಿಯಾದ ಜಾಗಕ್ಕೆ ಸರಿಸಿ ನನ್ನದನ್ನು ತೆಗೆದರು. ಮೆಮೋ ಇಲ್ಲ, ವಿವರಣೆ ಕೇಳಿ ಪತ್ರ ಇಲ್ಲ! ಇನ್ನೊಂದು ನಿಯಮ ಇದೆ. ಬೇರೆ ಕಂಪನಿಯ ನಕ್ಷೆ ನೋಡಿ ನಕಲು ಮಾಡುವ ಹಾಗಿಲ್ಲ. ಸ್ವಂತ ಕಣ್ಣಲ್ಲಿ ನೋಡಿದ್ದು, ಇಲ್ಲವೇ ಓಪನ್‌ಸ್ಟ್ರೀಟ್‌ಮ್ಯಾಪ್‌ನವರೇ ಒಪ್ಪಿಗೆ ಪಡೆದು ಕೊಟ್ಟ ಉಪಗ್ರಹ ಚಿತ್ರದಲ್ಲಿ ಕಂಡದ್ದು ಮಾತ್ರ.

“ಪಿನ್ ಕೋಡ್ ಇರುವಾಗ ಇದೆಲ್ಲಾ ಯಾಕೆ” ಅಂತ ನಮ್ಮ ಪಿಂಚಣಿದಾರರ ಕಟ್ಟೆಯಲ್ಲಿ ಕೇಳಿದರು. 1972ರ ಆಗಸ್ಟ್ 15ರಂದು ಬಂದ ಪಿನ್ ಟಪಾಲು ಬೇರ್ಪಡಿಸಲು ಮಾಡಿದ್ದು, ದಾರಿ ತೋರಿಸಲು ಅಲ್ಲ. ಒಂದೇ ಪಿನ್ ಕೆಳಗೆ ಸುತ್ತಿನ ಹಲವು ಹಳ್ಳಿ ಬರುತ್ತವೆ. ಜಿಲ್ಲೆಯ ಗಡಿಗೂ ಅದಕ್ಕೂ ಸಂಬಂಧವಿಲ್ಲ. ಅಣ್ಣಿಗೇರಿ ಧಾರವಾಡ ಜಿಲ್ಲೆಯಲ್ಲಿದೆ, ಆದರೆ ಅದರ ಪಿನ್ ನಮ್ಮ ಗದಗಿನ ಹಾಗೆ 582ರಿಂದ ಶುರು. 2025ರಲ್ಲಿ ಇಲಾಖೆಯೇ ಡಿಜಿಪಿನ್ ತಂದಿತು. ಇಡೀ ದೇಶವನ್ನು ಸುಮಾರು 4 ಮೀಟರ್ ಉದ್ದಗಲದ ಚೌಕ ಮಾಡಿ, ಒಂದೊಂದಕ್ಕೂ 10 ಅಕ್ಷರದ ಗುರುತು ಕೊಟ್ಟಿದ್ದಾರೆ. ಒಳ್ಳೆಯದೇ. ಆದರೆ ಆ ಚೌಕದಲ್ಲಿ ಪೋಸ್ಟಾಫೀಸು ಇದೆಯೋ ದನದ ಕೊಟ್ಟಿಗೆ ಇದೆಯೋ ಅಂತ ಅದು ಹೇಳುವುದಿಲ್ಲ. ಅದನ್ನು ಹೇಳಲು ಒಬ್ಬರು ಅಲ್ಲಿಗೆ ಹೋಗಿ ನಿಲ್ಲಬೇಕು.

ಹೆಸರಿನ ವಿಷಯದಲ್ಲಿ ಈ ನಕ್ಷೆ ಧಾರಾಳ. ಕನ್ನಡಕ್ಕೆ ಬೇರೆ ಖಾನೆ, ಇಂಗ್ಲಿಷಿಗೆ ಬೇರೆ, ಹಳೇ ಹೆಸರಿಗೂ ಒಂದು. 2014ರ ನವೆಂಬರ್ 1ಕ್ಕೆ ಹುಬ್ಳಿ ಹೋಗಿ ಹುಬ್ಬಳ್ಳಿ ಆಯಿತಲ್ಲ, ಎರಡರಲ್ಲಿ ಯಾವುದು ಒತ್ತಿದರೂ ಸಿಗುವ ಹಾಗೆ ಬರೆಯಬಹುದು. ನಾನು ಕನ್ನಡದಲ್ಲಿ “ಅಂಚೆ ಕಚೇರಿ” ಅಂತಲೇ ತುಂಬುತ್ತೇನೆ, ಬೋರ್ಡಿನಲ್ಲಿ ಹಾಗೇ ಇದೆ. ಬಾಯಲ್ಲಿ ಮಾತ್ರ ಟಪಾಲೇ. ಅಂಚೆ ಮೈಸೂರು ಸೀಮೆಯ ಮಾತು, ನಾವು ಮುಂಬೈ ಪ್ರಾಂತ್ಯದಲ್ಲಿದ್ದವರು!

ಬೇಸರದ ಸಂಗತಿಗಳೂ ಇವೆ. ಒತ್ತೊತ್ತಾಗಿ ಮನೆ ಇರುವ ಓಣಿಯಲ್ಲಿ ಫೋನಿನ ಜಿಪಿಎಸ್ ಹತ್ತಿಪ್ಪತ್ತು ಹೆಜ್ಜೆ ಆಚೀಚೆ ತೋರಿಸುತ್ತದೆ. ಉಪಗ್ರಹ ಚಿತ್ರದಲ್ಲಿ ಮಾಳಿಗೆ ಎಣಿಸಿ ಕೈಯಿಂದ ಸರಿಸಬೇಕು. ನನ್ನ ಕಣ್ಣಿಗೆ ಅಕ್ಷರ ಸಣ್ಣವು. ಬಿಸಿಲಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಪವರ್ ಬ್ಯಾಂಕ್ ಇಲ್ಲದೆ ಹೋಗಬೇಡಿ. ಇವತ್ತು ಹಾಕಿದ್ದು ಓಪನ್‌ಸ್ಟ್ರೀಟ್‌ಮ್ಯಾಪ್ ಜಾಲತಾಣದಲ್ಲಿ ಬೇಗ ಕಾಣುತ್ತದೆ. ಆದರೆ ದಾರಿ ಹುಡುಕಲು ಬಳಸುವ ಆರ್ಗ್ಯಾನಿಕ್ ಮ್ಯಾಪ್ಸ್‌ನಲ್ಲಿ ಕಾಣಬೇಕಾದರೆ ಅದರ ನಕ್ಷೆ ಹೊಸದಾಗಿ ಬರುವವರೆಗೆ ಕಾಯಬೇಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಯಾಕೆಂದರೆ, ಎಷ್ಟೋ ಜನ ಹಾಕಿದ್ದನ್ನು ಮತ್ತೆ ನೋಡಲು ಬರುವುದಿಲ್ಲ. ಸ್ಟ್ರೀಟ್‌ಕಂಪ್ಲೀಟ್ ಹಳೆಯದಾದ ಸಮಯವನ್ನು ಮತ್ತೆ ಕೇಳುತ್ತದೆ ನಿಜ. ಆದರೆ ಕೇಳಿಸಿಕೊಳ್ಳಲು ಆ ಊರಲ್ಲಿ ಒಬ್ಬರಾದರೂ ಇರಬೇಕಲ್ವಾ? ಧಾರವಾಡ, ಹಾವೇರಿ ಕಡೆಯ ನಮ್ಮ ಹಳೇ ಸಿಬ್ಬಂದಿ ಕೈಹಾಕಿದರೆ ಆ ಒಂದನ್ನೂ ಕೊಡುತ್ತೇನೆ. ನಿಮ್ಮ ಬೀಟು ನಿಮಗೆ ಬಾಯಿಪಾಠ ಇದೆಯಲ್ಲ.

ನಾನು ಇದುವರೆಗೆ ಮೂವತ್ತೊಂದು ಆಫೀಸು ಹಾಕಿದ್ದೇನೆ. ಚಹಾ ಕೊಟ್ಟ ಆ ಬಿಪಿಎಂ ಮೊನ್ನೆ ಫೋನ್ ಮಾಡಿದ್ದಳು. ಹೊಸ ಮನೆ ಕಟ್ಟಿಸಿದ್ದಾರಂತೆ, ದೀಪಾವಳಿಗೆ ಪೋಸ್ಟು ಅಲ್ಲಿಗೆ. “ನಕ್ಷೆದಾಗಿನ ಚುಕ್ಕಿ ನೀವ ಬಂದು ಸರಸ್ತೀರೋ, ನಾನ ಸರಸಲ್ರೀ?” ಅಂದಳು. ಈಗ ಮಳೆ, ಎರೆ ಮಣ್ಣಲ್ಲಿ ಗಾಡಿ ಹೋಗುವುದಿಲ್ಲ. ಹೇಗೆ ಸರಿಸುವುದು ಅಂತ ಫೋನಿನಲ್ಲೇ ಹೇಳಿಕೊಟ್ಟಿದ್ದೇನೆ.