ಶಾಲಾ ಲೈಬ್ರರಿಗೆ ಸೆಟ್ ತರಬೇಕಾ, ಬಿಡಿ ಪುಸ್ತಕ ಆರಿಸಬೇಕಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಿಡಿ ಪುಸ್ತಕಗಳಿಗೆ. ನಮ್ಮ ಶಾಲೆಯ ಲೈಬ್ರರಿಯಲ್ಲಿ ಎರಡೂ ಇವೆ. ಒಂದು ಕಡೆ ದಪ್ಪ ರಟ್ಟಿನ ವಿಶ್ವಕೋಶದ ಸೆಟ್, ಅದರ ಜೊತೆಗೇ ಬಂದ ಸಂಕ್ಷಿಪ್ತ ಕಾದಂಬರಿಗಳ ಸೆಟ್. ಇನ್ನೊಂದು ಕಡೆ ಒಂದೊಂದಾಗಿ ತಿರುವಿ ನೋಡಿ ತಂದ ತೆಳು ಪುಸ್ತಕಗಳು. ಸೆಟ್ ಕಪಾಟಿನಲ್ಲಿ ನೋಡಲು ಚೆಂದ. ಬಿಡಿ ಪುಸ್ತಕಗಳು ಕಪಾಟಿನಲ್ಲಿ ಇರುವುದೇ ಕಡಿಮೆ.

ವಿಶ್ವಕೋಶದ ಜೊತೆ ನನಗಿರುವ ದೊಡ್ಡ ತಕರಾರು ಇಸವಿಯದು. ಸೆಟ್ ಬಂದಾಗ ಹೊಸ ಕಾಗದದ ವಾಸನೆ, ಒಳಪುಟದಲ್ಲಿ ತೀರಾ ಇತ್ತೀಚಿನ ಇಸವಿ. ಯಾರಿಗೂ ಅನುಮಾನ ಬರಲಿಲ್ಲ. ಒಂದು ದಿನ ಹುಡುಗಿಯೊಬ್ಬಳು ಸೌರವ್ಯೂಹದ ಪುಟ ತೆರೆದುಕೊಂಡೇ ಬಂದಳು. "ಟೀಚರ್, ಇದ್ರಲ್ಲಿ ಒಂಬತ್ತು ಗ್ರಹ ಇದಾವೆ. ಪಾಠದಲ್ಲಿ ಎಂಟೇ ಇರೋದು. ಯಾವ್ದು ಸರಿ?" ಪ್ಲೂಟೋವನ್ನು ಗ್ರಹಗಳ ಸಾಲಿನಿಂದ ಕೈಬಿಟ್ಟಿದ್ದು 2006ರಲ್ಲಿ. ಹಾಗಾದರೆ ಹೊಸ ಪುಸ್ತಕದಲ್ಲಿ ಅದು ಯಾಕಿದೆ?

ಒಳಪುಟವನ್ನು ಮತ್ತೆ ನೋಡಿದರೆ ಉತ್ತರ ಅಲ್ಲೇ ಇತ್ತು. ಆ ಇಸವಿ ಮರುಮುದ್ರಣದ್ದು. ಮರುಮುದ್ರಣ ಎಂದರೆ ಹಳೆಯ ಪುಟಗಳನ್ನೇ ಮತ್ತೆ ಅಚ್ಚು ಹಾಕಿದ್ದು, ಅಷ್ಟೇ. ಒಳಗಿನ ಮಾತು ತಿದ್ದಿದ್ದರೆ ಪರಿಷ್ಕೃತ ಆವೃತ್ತಿ ಎಂದು ಬೇರೆಯಾಗಿ ಹಾಕಿರುತ್ತಾರೆ. ಆಮೇಲೆ ನಾನೂ ಹುಡುಕುತ್ತಾ ಹೋದೆ. ಭೂಪಟದಲ್ಲಿ ಸುಡಾನ್ ಇನ್ನೂ ಒಂದೇ ದೇಶವಾಗಿತ್ತು. ದಕ್ಷಿಣ ಸುಡಾನ್ ಪ್ರತ್ಯೇಕವಾಗಿದ್ದು 2011ರಲ್ಲಿ. ಮೂಲವಸ್ತುಗಳ ಕೋಷ್ಟಕದ ಕೊನೆಯ ಸಾಲು ಅರ್ಧಕ್ಕೇ ನಿಂತಿತ್ತು. 113, 115, 117, 118ನೇ ಮೂಲವಸ್ತುಗಳಿಗೆ ಹೆಸರು ಬಂದಿದ್ದು 2016ರಲ್ಲಿ.

ಕಿರಿಕಿರಿ ಇಲ್ಲಿಗೇ ಮುಗಿಯುವುದಿಲ್ಲ. ಹಳತಾದ ಒಂದು ಸಂಪುಟವನ್ನಷ್ಟೇ ತೆಗೆದುಬಿಡೋಣ ಅಂದರೆ ಅದೂ ಆಗುವುದಿಲ್ಲ. ರಿಜಿಸ್ಟರಿನಲ್ಲಿ ಪೂರ್ತಿ ಸೆಟ್ ಒಂದೇ ಬಾಬ್ತು. ಪದಸೂಚಿ ಇರುವುದು ಕೊನೆಯ ಸಂಪುಟದಲ್ಲಿ ಮಾತ್ರ, ಅದು ತೋರಿಸುವುದು ಉಳಿದ ಸಂಪುಟಗಳ ಪುಟಗಳನ್ನು. ಕೊನೆಗೆ ತಪ್ಪಿದ್ದ ಕಡೆಗಳಲ್ಲಿ ಸರಿ ಮಾಹಿತಿ ಬರೆದ ಚೀಟಿ ಅಂಟಿಸಿದೆ. ಅದರಿಂದ ಒಂದು ತಮಾಷೆಯಾಯಿತು. ಮಕ್ಕಳು ಈಗ ಆ ಸೆಟ್ ತೆಗೆಯುವುದೇ ಇನ್ನೂ ಚೀಟಿ ಬೀಳದ ತಪ್ಪು ಹುಡುಕಲು. ನನಗೇನೂ ಬೇಸರವಿಲ್ಲ. ಆದರೆ ಅಷ್ಟು ದುಡ್ಡು ಸುರಿದಿದ್ದು ಇದಕ್ಕಲ್ಲ, ಅಲ್ವಾ?

ತೆಳು ಪುಸ್ತಕದಲ್ಲಿ ಈ ತಲೆನೋವಿಲ್ಲ. ಹಾವಿಗೆ ಒಂದು, ಜ್ವಾಲಾಮುಖಿಗೆ ಒಂದು, ಸೇತುವೆಗೆ ಒಂದು. ಬಾಹ್ಯಾಕಾಶದ್ದು ಹಳತಾದರೆ ಅದೊಂದನ್ನು ತೆಗೆದು ಹೊಸದು ತಂದರಾಯಿತು. ಹಾವಿನ ಪುಸ್ತಕ ಅಷ್ಟು ಬೇಗ ಹಳತಾಗುವುದಿಲ್ಲ. ಕೊಳ್ಳುವ ಮುಂಚೆ ನಾನು ಕೊನೆಯ ಪುಟಗಳಿಂದ ಶುರು ಮಾಡುತ್ತೇನೆ. ಪದಸೂಚಿ ಇದೆಯಾ? ಅದರಲ್ಲಿ ಒಂದು ಪದ ಹಿಡಿದು ಆ ಪುಟಕ್ಕೆ ಹೋಗುತ್ತೇನೆ. ಅಲ್ಲಿ ನಿಜವಾಗಿಯೂ ವಿಷಯ ಇದೆಯಾ, ಇಲ್ಲ ಹೆಸರು ಮಾತ್ರ ಬಂದು ಹೋಗಿದೆಯಾ? ಚಿತ್ರದ ಕೆಳಗೆ ಬರೆದದ್ದನ್ನೂ ನೋಡುತ್ತೇನೆ. ಎಷ್ಟೋ ಮಕ್ಕಳು ಮೊದಲು ಓದುವುದು ಅದನ್ನೇ.

ಬೈಂಡಿಂಗ್ ವಿಷಯದಲ್ಲಿ ಸೆಟ್ಟೇ ಗೆದ್ದಿತು. ಹೊಲಿಗೆ ಹಾಕಿದ್ದು, ಗಟ್ಟಿ. ಬರೀ ಅಂಟು ಹಚ್ಚಿದ ತೆಳು ಪುಸ್ತಕಗಳ ಹಾಳೆ ಬೇಗ ಉದುರುತ್ತವೆ.

ಕಥೆಗಳ ಕಡೆ ಬಂದರೆ, ಸಂಕ್ಷಿಪ್ತ ಕಾದಂಬರಿಗಳ ಬಗ್ಗೆ ನನ್ನ ಮಾತು ಕಟು. ದೊಡ್ಡ ಕಾದಂಬರಿಯನ್ನು ಕತ್ತರಿಸುವಾಗ ಘಟನೆಗಳನ್ನು ಉಳಿಸಿಕೊಳ್ಳುತ್ತಾರೆ, ಮಾತುಕತೆ ಮತ್ತು ನಗುವನ್ನು ಬಿಸಾಕುತ್ತಾರೆ. ಉಳಿಯುವುದು 'ಅವನು ಹಡಗು ಹತ್ತಿದನು, ಬಿರುಗಾಳಿ ಬಂತು, ಹಡಗು ಮುಳುಗಿತು' ಅನ್ನುವ ವರದಿ. ತರಗತಿಯಲ್ಲಿ ಜೋರಾಗಿ ಓದಿ ನೋಡಿ. ಎರಡನೇ ಪುಟಕ್ಕೇ ಮಕ್ಕಳು ಕಿಟಕಿ ಕಡೆ ತಿರುಗುತ್ತಾರೆ. ಮಕ್ಕಳಿಗಾಗಿಯೇ ಬರೆದ ಪುಟ್ಟ ಕಥೆಯಲ್ಲಿ ಹಾಗಾಗುವುದು ಕಡಿಮೆ. ಆದ್ದರಿಂದ ಕಥೆ ಪುಸ್ತಕ ಆರಿಸುವಾಗ ನಡುವಿನ ಒಂದು ಪುಟವನ್ನು ಮೆಲ್ಲಗೆ ಬಾಯಿಬಿಟ್ಟು ಓದುತ್ತೇನೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಸರಣಿ ಕಥೆಗಳಾದರೆ ಮೊದಲ ಎರಡು ಭಾಗ ಮಾತ್ರ ತರುತ್ತೇನೆ. ಮೂರನೆಯದಕ್ಕೆ ಮಕ್ಕಳೇ ಪೀಡಿಸಲಿ.

ಓದಿನ ಮಟ್ಟ ಅಳೆಯಲು ಐದು ಬೆರಳಿನ ಲೆಕ್ಕ ಅಂತ ಒಂದಿದೆ. ಪುಸ್ತಕದ ಯಾವುದಾದರೂ ಪುಟ ತೆರೆದು, ಗೊತ್ತಿಲ್ಲದ ಪ್ರತಿ ಪದಕ್ಕೂ ಮಗು ಒಂದು ಬೆರಳು ಮಡಚಬೇಕು. ಐದೂ ಮಡಚಿದರೆ ಆ ಪುಸ್ತಕ ಕಷ್ಟ. ಕಥೆಗಳಿಗೆ ಇದು ಸರಿಯಾಗಿಯೇ ಕೆಲಸ ಮಾಡುತ್ತದೆ. ಮಾಹಿತಿ ಪುಸ್ತಕಗಳಿಗೆ ಮಾತ್ರ ಸುಮ್ನೆ ದಂಡ. ಡೈನೋಸಾರ್ ಪುಸ್ತಕದ ಒಂದೇ ಪುಟದಲ್ಲಿ ಐದು ಬೆರಳೂ ಮಡಚಿಹೋಗುತ್ತವೆ, ಆದರೂ ಮಗು ಪುಸ್ತಕ ಬಿಡುವುದಿಲ್ಲ.

ಕಥೆ ಎಷ್ಟು, ಮಾಹಿತಿ ಎಷ್ಟು ಅಂತ ಸ್ಟಾಫ್ ರೂಮಿನಲ್ಲಿ ಚರ್ಚೆ ಆಗುತ್ತಲೇ ಇರುತ್ತದೆ. ಅರ್ಧ-ಅರ್ಧ ಅನ್ನುವುದು ಲೆಕ್ಕ ಬರೆಯುವವರಿಗೆ ಅನುಕೂಲ, ಅಷ್ಟೇ. ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಗ್ರಂಥಾಲಯಗಳಿಗಾಗಿ 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಒಂದು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎನ್ನುತ್ತದೆ. ಇನ್ನೊಂದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುತ್ತದೆ. ನಮ್ಮಲ್ಲಿ ಕಥೆ ಮುಟ್ಟದೆ ವಾಹನಗಳ ಪುಸ್ತಕವನ್ನೇ ಮತ್ತೆ ಮತ್ತೆ ಒಯ್ಯುವ ಹುಡುಗನಿದ್ದಾನೆ. ಅವನೂ ಓದುಗನೇ. ಅಂದಹಾಗೆ, ಲೈಬ್ರರಿ ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಜನಪದ ಕಥೆಗಳಿಗೆ 398ನೇ ಸಂಖ್ಯೆ, ಅಂದರೆ ಜಾಗ ಸಮಾಜ ವಿಜ್ಞಾನದ ಸಾಲಿನಲ್ಲಿ. ಕಥೆ ಬೇಕಾದ ಮಗು ಆ ಕಡೆ ತಲೆ ಹಾಕುವುದಿಲ್ಲ. ನಾನು ಅವನ್ನು ಕಥೆಗಳ ಕಪಾಟಿಗೇ ತಂದಿಟ್ಟಿದ್ದೇನೆ.

ಸೆಟ್ ಯಾರಿಗೂ ಬೇಡವೇ ಬೇಡ ಅಂತೇನೂ ಅಲ್ಲ. ಹಣ ಒಂದೇ ಸಲ ಬಂದು, ಬೇಗ ಖರ್ಚು ಮಾಡಿ ಬಿಲ್ ತೋರಿಸಬೇಕಾದಾಗ, ಆರಿಸಲು ಪುರುಸೊತ್ತು ಇರುವವರು ಯಾರೂ ಇಲ್ಲದಾಗ, ಸೆಟ್ಟೇ ಸುಲಭ. ನನಗೆ ಅಂಗಡಿಯಲ್ಲಿ ನಿಂತು ಓದುವ ಚಾಳಿ ಇದೆ, ಕೈಯಲ್ಲಿರುವ ಹಣವೂ ಜಾಸ್ತಿ ಇಲ್ಲ. ಹಾಗಾಗಿ ಒಂದಿಷ್ಟನ್ನು ವರ್ಷದ ಆರಂಭದಲ್ಲಿ ಖರ್ಚು ಮಾಡಿ, ಉಳಿದದ್ದನ್ನು ಮಕ್ಕಳು ಕೇಳಿ ಸಿಗದ ಪುಸ್ತಕಗಳಿಗೆ ಇಟ್ಟುಕೊಳ್ಳುತ್ತೇನೆ. ಕೇಳಿದ್ದನ್ನು ಬರೆದಿಡಲು ಮೇಜಿನ ಮೇಲೆ ಒಂದು ನೋಟ್‌ಬುಕ್ ಇದೆ.

ಯಾರಾದರೂ ಬಿಟ್ಟಿಯಾಗಿ ವಿಶ್ವಕೋಶದ ಸೆಟ್ ಕೊಟ್ಟರೂ ಮೊದಲು ಗ್ರಹಗಳ ಪುಟ, ಆಫ್ರಿಕಾದ ಭೂಪಟ, ಮೂಲವಸ್ತುಗಳ ಕೋಷ್ಟಕ, ಈ ಮೂರನ್ನು ತೆರೆದು ನೋಡುತ್ತೇನೆ. ಮೂರೂ ಸರಿಯಿದ್ದರೆ ಮಾತ್ರ ರಿಜಿಸ್ಟರಿಗೆ.