‘ಪೂರ್ತಿ ಸ್ಟಾಕ್’ ಅಂತ ಮಾರಿದ ಲೈಟ್ನಿಂಗ್ ಪಿಕಪ್: ದುಡ್ಡು ಕೊಡುವ ಮುಂಚೆ ಓದಿ

ಅಮೆರಿಕದಲ್ಲಿ ಹಳೇ ಫೋರ್ಡ್ ಎಫ್-150 ಎಸ್‌ವಿಟಿ ಲೈಟ್ನಿಂಗ್ ಹುಡುಕುತ್ತಿದ್ದೀರಾ? 1999ರಿಂದ 2004ರವರೆಗೆ ಬಂದದ್ದು, 5.4 ಲೀಟರ್ ವಿ8, ಮೇಲೊಂದು ಸೂಪರ್‌ಚಾರ್ಜರ್ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು), 2001ರಿಂದ 380 ಹಾರ್ಸ್‌ಪವರ್. ಆಸೆ ಹುಟ್ಟಿಸುವ ಗಾಡಿಯೇ ಬಿಡಿ. ನಾನು ಕೊಂಡದ್ದು 2003ರ ಮಾಡೆಲ್, ಒಬ್ಬ ಸೆಕೆಂಡ್ ಹ್ಯಾಂಡ್ ಡೀಲರ್ ಹತ್ತಿರ. “ಪೂರ್ತಿ ಸ್ಟಾಕ್, ಇಂಜಿನ್‌ಗೆ ಯಾರೂ ಕೈ ಹಾಕಿಲ್ಲ” ಅಂದಿದ್ದ. ಸ್ಟಾಕ್ ಅಂದರೆ ಕಾರ್ಖಾನೆಯಿಂದ ಬಂದ ಹಾಗೇ ಇರುವುದು.

ಗಾಡಿ ನಕಲಿ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಾಮಾನ್ಯ ಎಫ್-150ಗೆ ಬಂಪರ್, ಬ್ಯಾಡ್ಜ್ ಅಂಟಿಸಿ ಲೈಟ್ನಿಂಗ್ ಅಂತ ಮಾರುವವರೂ ಇದ್ದಾರೆ. ಅವರನ್ನು ಹಿಡಿಯುವುದು ಸುಲಭ: ವಿನ್ ನಂಬರಿನ (ಪ್ರತಿ ಗಾಡಿಗೂ ಇರುವ ಗುರುತಿನ ಸಂಖ್ಯೆ) ಎಂಟನೇ ಅಕ್ಷರ ನೋಡಿ. ಸೂಪರ್‌ಚಾರ್ಜರ್ ಇಂಜಿನ್ ಆದರೆ 3, ಮಾಮೂಲಿ 5.4 ಆದರೆ ಎಲ್. ನನ್ನದರಲ್ಲಿ 3 ಇತ್ತು. ಗಾಡಿಯ ಹಿಂದಿನ ದಾಖಲೆ ತೋರಿಸುವ ಹಿಸ್ಟರಿ ರಿಪೋರ್ಟ್ ಕೂಡ ಚೊಕ್ಕ. ಇಷ್ಟಿದ್ದೂ ಮೋಸ ಆಯಿತು.

ಇಂಥ ಗಾಡಿಯನ್ನು ಜನ ಇದ್ದ ಹಾಗೆ ಬಿಡುವುದೇ ಇಲ್ಲ. ಸೂಪರ್‌ಚಾರ್ಜರಿಗೆ ಚಿಕ್ಕ ಪುಲ್ಲಿ ಹಾಕಿದರೆ ಅದು ಇನ್ನೂ ಜೋರಾಗಿ ತಿರುಗುತ್ತದೆ. ಕಂಪನಿಯವರು ಇಟ್ಟ ಬೂಸ್ಟ್ (ಒಳಗೆ ತುಂಬುವ ಗಾಳಿಯ ಒತ್ತಡ) ಸುಮಾರು 8 ಪಿಎಸ್‌ಐ, ಅದು ಮೇಲೇರುತ್ತದೆ. ಜೊತೆಗೆ ಇಂಜಿನ್ ಕಂಪ್ಯೂಟರಿಗೆ ಅದರ ಸೆಟ್ಟಿಂಗ್ ಬದಲಿಸುವ ಒಂದು ಚಿಪ್. ಬೂಸ್ಟ್ ಏರಿಸುತ್ತಾ ಹೋದರೆ ಒಳಗೆ ಪಿಸ್ಟನ್ನುಗಳನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್‌ಗಳು ತಡೆಯುವುದಿಲ್ಲ. ಇಂಜಿನ್ ಸುಸ್ತಾಯಿತು ಅನ್ನುವ ಹೊತ್ತಿಗೆ ಎಲ್ಲವನ್ನೂ ಬಿಚ್ಚಿ, ಹಳೇ ಪುಲ್ಲಿ ವಾಪಸ್ ಹಾಕಿ, ಒರೆಸಿ ಮಾರುತ್ತಾರೆ. ಇದ್ಯಾವುದೂ ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ, ಅಲ್ವಾ?

ನನಗೆ ಗೊತ್ತಾದದ್ದು ಹೈವೇಯ ಒಂದು ಏರಿನಲ್ಲಿ. ಢಂ ಅಂತ ಒಂದು ಸದ್ದು, ಆಮೇಲೆ ಬಿಡದೆ ಟಪ ಟಪ ಟಪ. ಬಾನೆಟ್ ಎತ್ತಿದರೆ ಸ್ಪಾರ್ಕ್ ಪ್ಲಗ್ ಕುಕ್ಕರಿನ ವೆಯ್ಟ್ ಹಾರಿದ ಹಾಗೆ ಹಾರಿ ಆಚೆ ಬಂದಿತ್ತು. ಕಾಯಿಲ್ ಒಡೆದು ವೈರಿನಲ್ಲಿ ನೇತಾಡುತ್ತಿತ್ತು. ಆ ಕಾಲದ ಫೋರ್ಡ್ 5.4ರ ಅಲ್ಯೂಮಿನಿಯಂ ಹೆಡ್‌ನಲ್ಲಿ ಪ್ಲಗ್ ಹಿಡಿದಿಡುವ ತಿರುಪಿನ ಸುತ್ತುಗಳು (ಥ್ರೆಡ್) ಬಹಳ ಕಮ್ಮಿ, ಹಾಗಾಗಿ ಇದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಆದರೆ ನನ್ನ ಗಾಡಿಯಲ್ಲಿ ಅದೇ ತೂತಿಗೆ ಮೊದಲೇ ಒಂದು ಸಲ ಇನ್ಸರ್ಟ್ (ಹೊಸ ಥ್ರೆಡ್ ಇರುವ ಲೋಹದ ಬಳೆ) ಕೂರಿಸಿದ್ದರು. ಅದೂ ಸೊಟ್ಟಗೆ. ಕಂಪ್ರೆಷನ್ (ಸಿಲಿಂಡರ್ ಒಳಗೆ ಏಳುವ ಒತ್ತಡ) ನೋಡಿದಾಗ ಪಕ್ಕದ ಸಿಲಿಂಡರ್ ಉಳಿದವಕ್ಕಿಂತ ತುಂಬಾ ಕೆಳಗೆ. ಇಂಜಿನ್ ಬಿಚ್ಚಿಸಿದೆ. ರಾಡ್ ಬಾಗಿತ್ತು.

ಆಮೇಲೆ ಮೆಕ್ಯಾನಿಕ್ ಒಂದು ಜಾಗ ತೋರಿಸಿದರು. ಇಂಜಿನ್ ಕಂಪ್ಯೂಟರಿನಲ್ಲಿ ಚಿಪ್ ಸಿಕ್ಕಿಸುವ ಒಂದು ಪುಟ್ಟ ಕನೆಕ್ಟರ್ ಇದೆ, ಅದನ್ನು ಜೆ3 ಅನ್ನುತ್ತಾರೆ. ಕಾರ್ಖಾನೆಯಿಂದ ಬರುವಾಗ ಅದರ ಹಲ್ಲುಗಳ ಮೇಲೆ ಅಂಟಿನಂಥ ಲೇಪ ಇರುತ್ತದೆ. ಚಿಪ್ ಹಾಕಬೇಕಾದರೆ ಅದನ್ನು ಕೆರೆಯಲೇಬೇಕು. ನನ್ನದರಲ್ಲಿ ಹಲ್ಲುಗಳು ಫಳಫಳ ಹೊಳೆಯುತ್ತಿದ್ದವು, ಅಂಚಿನಲ್ಲಿ ಬ್ಲೇಡಿನ ಗೀರು. ವಿಂಡ್‌ಶೀಲ್ಡ್ ಪಕ್ಕದ ಕಂಬದ ಪ್ಲಾಸ್ಟಿಕ್ಕಿನಲ್ಲಿ ಎರಡು ಸ್ಕ್ರೂ ತೂತು, ಮೇಣ ತುಂಬಿ ಬಣ್ಣ ಬಳಿದಿದ್ದರು. ಹೆಚ್ಚುವರಿ ಬೂಸ್ಟ್ ಮೀಟರ್ ಕೂರಿಸುವುದು ಅಲ್ಲೇ. ಯಾರೂ ಕೈ ಹಾಕಿಲ್ಲವಂತೆ!

ಡೀಲರ್‌ಗೆ ಫೋನ್ ಮಾಡಿದರೆ “ಆಸ್ ಈಸ್ ಅಂತ ಬರೆದಿತ್ತಲ್ಲ” ಅಂದ. ಅಂದರೆ ಇದ್ದ ಹಾಗೆ, ವಾರಂಟಿ ಇಲ್ಲದೆ. ಬರೆದಿತ್ತು, ನಿಜ. ಫೆಡರಲ್ ಟ್ರೇಡ್ ಕಮಿಷನ್ ನಿಯಮದ ಪ್ರಕಾರ ಬಹುತೇಕ ರಾಜ್ಯಗಳಲ್ಲಿ ಡೀಲರುಗಳು ಹಳೇ ಗಾಡಿಗೆ ‘ಬೈಯರ್ಸ್ ಗೈಡ್’ ಹಾಳೆ ಹಾಕಬೇಕು. ಬಾಯಿಮಾತು ನಂಬಬೇಡಿ, ಬರೆಸಿಕೊಳ್ಳಿ ಅಂತ ಆ ಹಾಳೆಯಲ್ಲೇ ಇರುತ್ತದೆ. ‘ಸ್ಟಾಕ್’ ಅನ್ನುವ ಒಂದು ಪದವನ್ನು ಬಿಲ್ಲಿನ ಮೇಲೆ ಬರೆದು ಸಹಿ ಹಾಕು ಅನ್ನಿ. ಅಷ್ಟಕ್ಕೇ ಮುಖ ಬದಲಾದರೆ ಎದ್ದು ಬನ್ನಿ.

ಮೈಲಿ ವಿಷಯವನ್ನೂ ನೆನಪಿಡಿ. 2010 ಮತ್ತು ಅದಕ್ಕೂ ಹಳೇ ಮಾಡೆಲ್‌ಗಳಿಗೆ ಓಡಿದ ಮೈಲಿ ಬರೆದುಕೊಡಬೇಕು ಅನ್ನುವ ಫೆಡರಲ್ ಕಡ್ಡಾಯ ಈಗಿಲ್ಲ. ಟೈಟಲ್‌ನಲ್ಲಿ (ಗಾಡಿಯ ಮಾಲೀಕತ್ವದ ಪತ್ರ) ‘ಎಕ್ಸೆಂಪ್ಟ್’, ಅಂದರೆ ವಿನಾಯಿತಿ, ಅಂತಷ್ಟೇ ಇರಬಹುದು. ಮೀಟರ್ ತೋರಿಸುವ ಸಂಖ್ಯೆಗೆ ಹಳೇ ಸರ್ವಿಸ್ ಬಿಲ್ ಇಲ್ಲದಿದ್ದರೆ ಬೆಲೆ ಇಲ್ಲ.

ಹೊರಗಿನ ಮೆಕ್ಯಾನಿಕ್ ಕೈಯಲ್ಲಿ ಎಂಟೂ ಪ್ಲಗ್ ಬಿಚ್ಚಿಸಿ ಕಂಪ್ರೆಷನ್ ನೋಡಿಸಿ. ಡೀಲರ್ ಗೊಣಗುತ್ತಾನೆ, ಗೊಣಗಲಿ. ಇನ್ನು ಮಾರ್ಪಾಡು ಮಾಡಿದ ಗಾಡಿ ಅಂದ ಕೂಡಲೇ ಸುಮ್ನೆ ದೂರ ಓಡಬೇಡಿ. “ಚಿಕ್ಕ ಪುಲ್ಲಿ ಹಾಕಿದ್ದೆ, ಹಳೇದು ಈ ಡಬ್ಬದಲ್ಲಿದೆ, ಬಿಲ್ ಇಲ್ಲಿದೆ” ಅನ್ನುವವನ ಗಾಡಿಯನ್ನು ನಾನಾದರೆ ‘ಪೂರ್ತಿ ಸ್ಟಾಕ್’ಗಿಂತ ಮೊದಲು ನೋಡುತ್ತೇನೆ. ಆ ಡಬ್ಬ ತೋರಿಸು ಅಂತ ಮಾತ್ರ ಕೇಳಿ.