ಲೀನ್ ತರಬೇತಿ: ಸ್ಕ್ರ್ಯಾಪ್ ರಾಶಿ ಇಳಿಯಿತು, ಫಾರಂ ರಾಶಿ ಏರಿತು

ಕಟ್ಟಡದ ಸೈಟಿನಲ್ಲಿ ಸಾಮಾನು ಪೋಲಾಗುವುದನ್ನು ಲೀನ್ ಎಂಬ ಪದ್ಧತಿಯಿಂದ ತಗ್ಗಿಸಿ ಕೊಡುತ್ತೇವೆ ಎಂದು ಬಂದ ಸಲಹಾ ತಂಡವೊಂದರ ಜೊತೆ 3 ತಿಂಗಳು ಕೆಲಸ ಮಾಡಿದೆ. ನಾನು ಸೈಟ್ ಎಂಜಿನಿಯರ್. 5ಕ್ಕೆ 3.5 ಕೊಡುತ್ತೇನೆ.

ಮೊದಲ ಎರಡು ದಿನ ಬರೀ ಸ್ಲೈಡು. ಈ ಪದ್ಧತಿ ಹುಟ್ಟಿದ ಟೊಯೋಟಾ ಕಾರು ಕಂಪನಿ, ಅಲ್ಲಿ ಅದನ್ನು ರೂಪಿಸಿದ ಎಂಜಿನಿಯರ್ ತೈಇಚಿ ಓನೊ, 7 ಬಗೆಯ ಪೋಲು. ನಮ್ಮ ಮೇಸ್ತ್ರಿ ಹಿಂದಿನ ಸಾಲಿನಲ್ಲಿ ಕೂತು ತೂಕಡಿಸಿದರು. ಎಬ್ಬಿಸಲು ನನಗೂ ಮನಸ್ಸಾಗಲಿಲ್ಲ. ಕಾರು ಕಾರ್ಖಾನೆಯ ಒಳಗೆ ಮಳೆ ಬರಲ್ಲ, ಅಲ್ವಾ?

ಮೂರನೇ ದಿನ ಅವರ ತಂಡದ ಎಂಜಿನಿಯರ್ ಒಬ್ಬರು ಸ್ಲೈಡು ಬಿಟ್ಟು ಕಂಬಿ ಕತ್ತರಿಸುವ ಜಾಗಕ್ಕೆ ಬಂದರು. ತುಂಡುಗಳ ರಾಶಿ ಕೆದಕಿ ಟೇಪ್ ಹಿಡಿದರು. ಹೆಚ್ಚಿನವು 3 ಮೀಟರ್. ಕಾರಣ ಸುಲಭ. ಕಂಬಿ ಬರುವುದು 12 ಮೀಟರ್ ಉದ್ದ. ಪಿಲ್ಲರಿಗೆ 4.5 ಮೀಟರಿನ ಎರಡು ತುಂಡು ತೆಗೆದರೆ 3 ಮೀಟರ್ ಉಳಿಯುತ್ತದೆ. ಅದು ರಾಶಿಗೆ. ಮುಂದಿನ ವಾರ ಅದೇ ದಪ್ಪದ 3 ಮೀಟರ್ ಕಂಬಿ ಬೇಕಾದಾಗ ಹೊಸದನ್ನೇ ಕತ್ತರಿಸುತ್ತಿದ್ದೆವು! ಕಂಬಿ ಕತ್ತರಿಸಿ ಬಗ್ಗಿಸುವ ಬಾರ್ ಬೆಂಡರ್ ತಪ್ಪಲ್ಲ. ವಾರಕ್ಕೊಂದು ಚೀಟಿ ಕೊಡುತ್ತಿದ್ದವನು ನಾನೇ. ಈಗ ಇಡೀ ಫ್ಲೋರಿನ ಕಟಿಂಗ್ ಪಟ್ಟಿಯನ್ನು ಒಟ್ಟಿಗೆ ಕೊಡುತ್ತೇನೆ. 4.5, 4.5, 3. ಏನೂ ಉಳಿಯಲ್ಲ.

ಗಾರೆಯದೂ ಇದೇ ಕತೆ. ಊಟಕ್ಕೆ ಮುಂಚೆ ದೊಡ್ಡ ರಾಶಿ ಕಲಸಿಟ್ಟು, ಬಂದು ನೋಡಿದರೆ ಬಿಗಿದಿರುತ್ತಿತ್ತು. ನೀರು ಹೊಯ್ದು ಮತ್ತೆ ಕಲಸಿದರೆ ಗಟ್ಟಿತನ ಹೋಗುತ್ತದೆ. ಈಗ ಸಣ್ಣ ಸಣ್ಣದಾಗಿ ಕಲಸುತ್ತಾರೆ.

ಲಾಸ್ಟ್ ಪ್ಲಾನರ್ ಅಂತ ಒಂದು ಪದ್ಧತಿ. ಅಮೆರಿಕದ ಗ್ಲೆನ್ ಬಲ್ಲಾರ್ಡ್, ಗ್ರೆಗ್ ಹೋವೆಲ್ ಕಟ್ಟಡ ಕೆಲಸಕ್ಕೆಂದೇ ರೂಪಿಸಿದ್ದು. ಮುಂದಿನ ವಾರ ಏನು ಮುಗಿಸುತ್ತೇವೆ ಎಂದು ಕೆಲಸ ಮಾಡಿಸುವವರೇ ಹೇಳಬೇಕು, ವಾರದ ಕೊನೆಗೆ ಎಷ್ಟು ಮುಗಿಯಿತು ಎಂದು ಲೆಕ್ಕ ಹಾಕಬೇಕು. ತೂಕಡಿಸುತ್ತಿದ್ದ ಮೇಸ್ತ್ರಿ ಇಲ್ಲಿ ಬಾಯಿ ಬಿಟ್ಟರು: "ಪೈಪು ಹಾಕುವವರು ಮುಗಿಸದೆ ನಾನು ಪ್ಲಾಸ್ಟರ್ ಮಾಡಲ್ಲ ಸಾರ್. ಆಮೇಲೆ ಒಡೆಯೋದು ನೀವೇ." ಒಡೆದು ಮತ್ತೆ ಮಾಡುವುದರಲ್ಲಿ ಎಷ್ಟು ಸಿಮೆಂಟ್ ಹೋಗುತ್ತಿತ್ತು ಅಂತ ಆವತ್ತೇ ಹೊಳೆದದ್ದು.

ಇನ್ನು ದೂರು. ಬೇಕಾದ ದಿನವೇ ಸಾಮಾನು ತರಿಸಿ ಎಂದು ಸಲಹಾ ತಂಡದವರು ಹಟ ಹಿಡಿದರು. ಹಳೇ ಸಿಮೆಂಟ್ ಗಂಟು ಕಟ್ಟುವುದು ತಪ್ಪಿತು, ಸರಿ. ಆದರೆ ಒಂದು ದಿನ ಲಾರಿ ಬರಲಿಲ್ಲ. ಅಷ್ಟೂ ಜನ ಸುಮ್ನೆ ಕೂತರು. ಕಾಯುವುದೂ ಆ 7ರಲ್ಲಿ ಒಂದು ಎಂದು ಸ್ಲೈಡಿನಲ್ಲಿ ತೋರಿಸಿದ್ದು ಇವರೇ! ಈಗ ಎರಡು ದಿನಕ್ಕಾಗುವಷ್ಟು ಸಿಮೆಂಟ್ ಇಟ್ಟುಕೊಂಡಿದ್ದೇನೆ, ಅವರಿಗೆ ಹೇಳಿಲ್ಲ.

ಫಾರಂಗಳು ಜಾಸ್ತಿ. ದಿನಕ್ಕೆ ನಾಲ್ಕು. ಎರಡನ್ನು ಯಾರೂ ಓದಲಿಲ್ಲ. ಪರೀಕ್ಷಿಸಲೆಂದೇ ಒಂದು ವಾರ ಖಾಲಿ ಕಳಿಸಿದ್ದೆ, ಒಂದು ಫೋನೂ ಬರಲಿಲ್ಲ.

ಇನ್ನೊಂದು ಸುತ್ತು ಬೇಕಾ ಅಂತ ಈಗ ಕೇಳುತ್ತಿದ್ದಾರೆ. ಟೇಪ್ ಹಿಡಿದು ಬಂದ ಆ ಎಂಜಿನಿಯರ್ ಬರುವುದಾದರೆ ಸರಿ ಅಂದಿದ್ದೇನೆ. ಸ್ಲೈಡು ಬೇಡ.